ಬೆಳ್ಳುಳ್ಳಿ ವಾಸನೆಯ ಹತ್ತು ಪೈಸೆ

ದಾಮೋದರರಾಯರು ಐವತ್ತು ವರ್ಷ ತುಂಬುವವರೆಗೂ ಯಾವ ವಿಷಯದಲ್ಲೂ ತಜ್ಞರಾಗಿರಲಿಲ್ಲ. ಅದು ಅವರ ತಪ್ಪೆಂದು ಹೇಳುವಂತಿಲ್ಲ, ನೌಕರಿಯೇ ಅಂಥದು. ಮನೆ ಸೊಲ್ಲಾಪುರದಲ್ಲಿ, ಕಾರಕೂನಿಕೆ ಅಕ್ಕಲಕೋಟೆಯ ಒಂದು ಕಚೇರಿಯ ದಫ್ತರಖಾನೆಯಲ್ಲಿ. ಇಪ್ಪತ್ತೆರಡು ವರ್ಷಗಳಿಂದ ದಿನಾ ಬೆಳಿಗ್ಗೆ ಎಸ್.ಟಿ. ಬಸ್ಸು ಹಿಡಿದು ಹೋಗುವುದು, ಜನ ಕೇಳಿದ ಕಾಗದವನ್ನು ಹುಡುಕುವುದು, ‘ಸದರಿ ಕಾಗದ ಸಿಗುವುದಿಲ್ಲ’ ಎಂದು ದುಂಡಗಿನ ಅಕ್ಷರದಲ್ಲಿ ಬರೆದುಕೊಡುವುದು, ಸಂಜೆಯ ಬಸ್ಸಿಗೆ ತಿರುಗಿ ಬರುವುದು. ಹುಡುಕುವಾಗ ಕಾಗದ ಸಿಗದಿದ್ದರೂ ಒಮ್ಮೊಮ್ಮೆ ಕಳೆದುಹೋದ ಚಷ್ಮಾ ಸಿಗುತ್ತಿತ್ತು, ಅದೂ ಅವರ ಹಣೆಯ ಮೇಲೆಯೇ.

ಇಂಥವರಿಂದ ಲೋಕಕ್ಕೇನೂ ತೊಂದರೆಯಿಲ್ಲ. ತೊಂದರೆಯಿದ್ದದ್ದು ಮಗಳು ಮಂದಾಕಿನಿಗೆ. ಹುಡುಗಿಗೆ ಇಪ್ಪತ್ಮೂರು ತುಂಬಿತ್ತು. ರೂಪ, ಗುಣ, ಕೆಲಸ ಯಾವುದರಲ್ಲೂ ಕುಂದು ಹೇಳಲು ಜಾಗವಿರಲಿಲ್ಲ. ಆದರೂ ಬಂದ ಮೂರು ಸಂಬಂಧ ಮುರಿದಿದ್ದವು, ಮೂರನ್ನೂ ಮುರಿದವರು ರಾಯರು. ಮೊದಲನೆಯ ಸಲ ಬೀಗರ ಜೀಪಿನ ಡ್ರೈವರನ ಹಣೆಗೆ ಕುಂಕುಮ ಹಚ್ಚಿ, ಬೆಳ್ಳಿ ಲೋಟದಲ್ಲಿ ಹಾಲು ಕೊಟ್ಟು, ಅಳಿಯಂದಿರು ಬಹಳ ಸಂಭಾವಿತರೆಂದು ಅರ್ಧ ತಾಸು ಹೊಗಳಿದರು. ವರ ಪಾಪ ಬಾಗಿಲ ಹತ್ತಿರ ಚಪ್ಪಲಿ ಬಿಡುವ ಜಾಗದಲ್ಲೇ ನಿಂತಿದ್ದ. ಎರಡನೆಯ ಸಲ ವರನ ಅಜ್ಜನ ಗುಣಗಾನ ಮಾಡುತ್ತ, ‘ಅಂಥವರು ಇಷ್ಟು ಲಗೂನ ಹೋಗಬಾರದಿತ್ತು’ ಎಂದು ಕಣ್ಣೊರೆಸಿಕೊಂಡರು. ಅಜ್ಜ ಎದುರಿಗೇ ಕೂತು ಉಪ್ಪಿಟ್ಟು ತಿನ್ನುತ್ತಿದ್ದ. ಮೂರನೆಯ ಸಲ ಮಗಳ ಜಾತಕವೆಂದು ಪೆಟ್ಟಿಗೆಯೊಳಗಿನ ಹೆಂಡತಿಯ ಜಾತಕ ತೆಗೆದು ಕಳಿಸಿಬಿಟ್ಟರು. ಆ ಕಡೆಯ ಜೋಯಿಸರು ಜಾಣರು. ‘ಈ ಕನ್ಯೆಯ ಲಗ್ನವಾಗಿ ಇಪ್ಪತ್ತೈದು ವರ್ಷವಾಗಿದೆ, ಒಂದು ಹೆಣ್ಣು ಸಂತಾನವಿದೆ, ಪತಿ ತುಸು ಮಂಕ’ ಎಂದು ಬರೆದು ತಿರುಗಿ ಕಳಿಸಿದರು.

ಆ ಚೀಟಿ ಬಂದದ್ದು ಶನಿವಾರ. ರವಿವಾರ ಇಡೀ ದಿನ ಮಂದಾಕಿನಿ ಅಪ್ಪನ ಕೂಡ ಮಾತಾಡಲಿಲ್ಲ. ಹಿತ್ತಲಲ್ಲಿ ಕಲ್ಲಿನ ಒರಳಿನ ಮುಂದೆ ನಿಂತು, ಕಬ್ಬಿಣದ ಹಾರೆ ಎತ್ತಿ, ಎರಡು ತಾಸು ಶೇಂಗಾ ಚಟ್ನಿ ಕುಟ್ಟಿದಳು. ಒಳಗೆ ಗೋಡೆಯ ಮೇಲಿನ ಕ್ಯಾಲೆಂಡರು ಮೂರು ಸಲ ಕೆಳಗೆ ಬಿತ್ತು. ರಾಯರು ಮೂರು ಸಲವೂ ಅದನ್ನೆತ್ತಿ ತೂಗುಹಾಕಿ, ಮಗಳಿಗೆ ಮನೆಗೆಲಸದಲ್ಲಿ ಎಷ್ಟೊಂದು ಹುರುಪು ಎಂದು ಸಮಾಧಾನಪಟ್ಟರು.

ಸೋಮವಾರ ಬೆಳಿಗ್ಗೆ ರಾಯರು ಬಸ್ಸಿನ ಪೈಸೆ ಕೇಳಿದರು. ಹೆಂಡತಿ ಗೋಪಿಕಾಬಾಯಿ ಅಡಿಗೆಮನೆಯೊಳಗಿಂದ ಎಂದಿನಂತೆ ಸೆರಗಿನಲ್ಲಿ ಚಿಲ್ಲರೆ ತಂದು ಕೈಗೆ ಸುರಿದಳು. ಆ ಚಿಲ್ಲರೆ ಒಳಗೆ ಎಲ್ಲಿ ಹುಟ್ಟುತ್ತದೆಂದು ರಾಯರು ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ಕೇಳಿದವರಲ್ಲ.

ಬಸ್ಸು ಕುಂಭಾರಿ ದಾಟುವ ಹೊತ್ತಿಗೆ ಕಂಡಕ್ಟರ್ ಕಲ್ಲಣ್ಣ ಹತ್ತಿರ ಬಂದ. ಚಿಲ್ಲರೆ ಎಣಿಸಿಕೊಂಡು, ಅದರೊಳಗಿನ ಒಂದು ಹತ್ತು ಪೈಸೆಯ ಬಿಲ್ಲೆಯನ್ನು ಎತ್ತಿ ಹಿಡಿದ.

“ರಾಯರ, ಇದನ್ನ ತಿರುಗಿ ತಗೋರಿ. ಇದು ನಡ್ಯಾಂಗಿಲ್ಲ.”

“ಯಾಕ ನಡ್ಯಾಂಗಿಲ್ಲ? ಸರಕಾರದ ನಾಣ್ಯ ಅದ.”

“ಈ ಮಗ್ಗಲಕ ಸಿಂಹ ಐತಿ, ಬರೋಬರಿ. ಆ ಮಗ್ಗಲಕೂ ಸಿಂಹ ಐತಿ, ಅದೂ ತಗ್ಗಿನ್ಯಾಗ ಬಿದ್ದು ಉಲ್ಟಾ ಆಗೇತಿ. ಹತ್ತು ಅಂತ ಎಲ್ಲಿ ಬರದಾರ ತೋರಸ್ರಿ, ಈಗ ತಗೋತೀನಿ.”

ರಾಯರು ನೋಡಿದರು. ಅಲ್ಯೂಮಿನಿಯಮ್ಮಿನ ಬಿಲ್ಲೆ, ಅಂಚಿಗೆ ಹೂವಿನ ಎಸಳಿನಂಥ ಡೊಂಕು, ಎಲ್ಲ ಸರಿ. ಆದರೆ ಹತ್ತು ಎಂಬ ಅಂಕಿ ಇರಬೇಕಾದಲ್ಲಿ ತಿರುಗುಮುರುಗಾದ ಸಿಂಹವೊಂದು ಒಳಕ್ಕೆ ಇಳಿದು ಕೂತಿತ್ತು. ಬಿಲ್ಲೆ ಕೈಯಿಂದ ಕೈಗೆ ಹೋಯಿತು. ಮೈಂದರ್ಗಿಯ ಮುದುಕಿಯೊಬ್ಬಳು ಅದನ್ನು ನರಸಿಂಹನೆಂದು ತಿಳಿದು ಕಣ್ಣಿಗೊತ್ತಿಕೊಂಡಳು.

“ನಿಮ್ಮಂಥಾ ಸಾಲಿ ಕಲತವರು ಖೋಟಾ ಪೈಸಾ ಕೊಟ್ರ ನಾವು ಯಾರಿಗೆ ಹೇಳೂಣು” ಎಂದ ಕಲ್ಲಣ್ಣ, ಸಿಟ್ಟಿನಿಂದಲ್ಲ, ದುಃಖದಿಂದ.

ಖೋಟಾ ಎಂಬ ಮಾತು ರಾಯರ ಕಿವಿಗೆ ಕಾದ ಎಣ್ಣೆ ಹೊಯ್ದ ಹಾಗಾಯಿತು. ದಿನಾ ಕೂಡಿ ಹೋಗುವ ನಲವತ್ತು ಜನರ ಮುಂದೆ ಅವರು ಬೆವತುಬಿಟ್ಟರು. ಅಷ್ಟರಲ್ಲಿ ಹಿಂದಿನ ಸೀಟಿನ ಅಣ್ಣಾರಾಯ ಮಾಸ್ತರರು ಕೈ ಎತ್ತಿದರು. ಮಾಸ್ತರರು ಅಕ್ಕಲಕೋಟೆಯ ಸಾಲಿಯಲ್ಲಿ ಭೂಗೋಳ ಕಲಿಸುವವರು, ಬಿಡುವಿದ್ದಾಗ ಲಗ್ನ ಕೂಡಿಸುವವರು.

“ಥಾಂಬ್ ಥಾಂಬ್, ತಡಿ ಕಲ್ಲಣ್ಣ. ಖೋಟಾ ಅನಬ್ಯಾಡ. ಮೊನ್ನಿ ಪೇಪರಿನ್ಯಾಗ ಇಂಥಾದ್ದೇ ಬಂದಿತ್ತು. ಟಂಕಸಾಲಿಯೊಳಗ ತಪ್ಪಿ ಹಿಂಗ ಹುಟ್ಟಿದ ನಾಣ್ಯಕ್ಕ ಮುಂಬೈದಾಗ ಮಂದಿ ಪಾಳಿ ಹಚ್ಚತಾರಂತ.”

ಮಾಸ್ತರರ ಪುಣ್ಯಕ್ಕೆ ಆ ಪೇಪರು ಅವರ ಹತ್ತಿರವೇ ಇತ್ತು, ಬುತ್ತಿಯ ರೊಟ್ಟಿಗೆ ಸುತ್ತಿಕೊಂಡಿತ್ತು. ರೊಟ್ಟಿಯನ್ನು ಕರವಸ್ತ್ರಕ್ಕೆ ದಾಟಿಸಿ ಹಾಳೆಯನ್ನು ರಾಯರಿಗೆ ಕೊಟ್ಟರು. ರಾಯರು ಓದಿದರು. ಟಂಕಸಾಲೆಯಲ್ಲಿ ಒಮ್ಮೊಮ್ಮೆ ನಾಣ್ಯದ ಒಂದು ಮುಖ ತಗ್ಗಾಗಿ, ತಿರುಗುಮುರುಗಾಗಿ ಮೂಡುವುದುಂಟು, ಅಂಥದು ಲಕ್ಷಕ್ಕೊಂದು. ನಾಣ್ಯದ ದೋಷದಲ್ಲಿ ಎರಡು ಜಾತಿ: ಟಂಕಸಾಲೆಯಲ್ಲೇ ಆದ ತಪ್ಪು ಒಂದು, ಹೊರಗೆ ಬಂದ ಮೇಲೆ ಆದ ಗಾಯ ಇನ್ನೊಂದು. ತಪ್ಪಿಗೆ ಬೆಲೆಯುಂಟು, ಗಾಯಕ್ಕಿಲ್ಲ. ಇವೆರಡನ್ನು ಗುರುತಿಸುವ ಬಗೆ ಅತಿ ಸುಲಭ, ಅದೇನೆಂದರೆ...

ಅದೇನೆಂದರೆ ಎಂಬಲ್ಲಿಂದ ಮಾವಿನ ಉಪ್ಪಿನಕಾಯಿಯ ಎಣ್ಣೆ ಶುರುವಾಗಿತ್ತು. ಅರ್ಧ ಪುಟ ಪೂರ್ತಿ ಕೆಂಪಗೆ ನೆನೆದು, ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. ಕೆಳಗಿನ ಮೂಲೆಯಲ್ಲಿ ‘ಜೋಪಾನ’ ಎಂಬ ಒಂದು ಪದ ಮಾತ್ರ ಒಣಗಿತ್ತು. ಬೇರೆ ಯಾರಾದರೂ ಆಗಿದ್ದರೆ ಇನ್ನೊಂದು ಪ್ರತಿ ಹುಡುಕುತ್ತಿದ್ದರು. ಇಪ್ಪತ್ತೆರಡು ವರ್ಷ ಕಾಗದ ಸಿಗುವುದಿಲ್ಲವೆಂದು ಬರೆದುಕೊಟ್ಟ ರಾಯರಿಗೆ ಅರ್ಧ ಕಾಗದ ಸಿಕ್ಕದ್ದೇ ಹಬ್ಬವಾಯಿತು. ಜೋಪಾನ ಎಂದರೆ ಕಳ್ಳರಿಂದ ಜೋಪಾನ ಎಂದು ಅರ್ಥ ಮಾಡಿಕೊಂಡು, ಅದೇ ದಿನ ಸಂಜೆ ದರ್ಜಿಯ ಹತ್ತಿರ ಹೋಗಿ ಬನಿಯನ್ನಿನ ಒಳಮಗ್ಗಲಿಗೆ, ಎಡಗಡೆ ಬಗಲ ಕೆಳಗೆ, ಗುಂಡಿ ಹಾಕುವ ಒಂದು ಕಿಸೆ ಹೊಲಿಸಿದರು. ಬರುವಾಗ ಜೂನಾ ಬಜಾರಿನಲ್ಲಿ ಗಡಿಯಾರದವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭಿಂಗವೆಂಬ ಭೂತಗನ್ನಡಿಯನ್ನು ಕೊಂಡರು.

ಮನೆಯಲ್ಲಿ ಕಣ್ಣಿಗೆ ಭಿಂಗ ಸಿಕ್ಕಿಸಿ ನೋಡಿದಾಗ ಎರಡು ಹೊಸ ಸಂಗತಿ ಗೊತ್ತಾದವು. ಒಂದು, ತಗ್ಗಿನ ಸಿಂಹದ ಹೊಟ್ಟೆಯಲ್ಲಿ ಮಸುಕಾದ ಒಂದು ಸೊನ್ನೆ ಕಾಣುತ್ತಿತ್ತು. ಅದು ಸಿಂಹದ ಹೊಕ್ಕಳೆಂದು ರಾಯರು ತೀರ್ಮಾನಿಸಿದರು. ಎರಡು, ನಾಣ್ಯಕ್ಕೆ ಬೆಳ್ಳುಳ್ಳಿಯ ವಾಸನೆಯಿತ್ತು. ಅದು ಮುಂಬೈಯ ಟಂಕಸಾಲೆಯಲ್ಲಿ ಬಳಸುವ ಯಾವುದೋ ಆಮ್ಲ ಇರಬೇಕೆಂದುಕೊಂಡರು.

ಗೋಪಿಕಾಬಾಯಿ ನಾಣ್ಯವನ್ನು ಕೈಯಲ್ಲಿ ತಗೊಂಡವಳೇ ಅದನ್ನು ಮೂಗಿನ ಹತ್ತಿರ ಒಯ್ದಳು. ಅವಳ ಮುಖದ ಬಣ್ಣ ಬದಲಾಯಿತು.

“ಏನ್ರಿ, ಇದು ಬ್ಯಾಡ. ನಾಳಿಗೆ ಅಕ್ಕಲಕೋಟ ಸ್ವಾಮಿ ಹುಂಡಿಯೊಳಗ ಹಾಕಿಬಿಡ್ರಿ.”

“ಹುಂಡಿಯೊಳಗ? ಲಕ್ಷಕ್ಕ ಒಂದು ಹುಟ್ಟತದ ಇಂಥಾದ್ದು.”

“ಲಕ್ಷಕ್ಕ ಒಂದೋ, ಡಬ್ಬಿಗೊಂದೋ, ಯಾರಿಗೆ ಗೊತ್ತು” ಎಂದವಳು ತಟ್ಟನೆ ನಾಲಿಗೆ ಕಚ್ಚಿಕೊಂಡು ಒಳಗೆ ಹೋದಳು. ಹೆಂಗಸರಿಗೆ ಶಾಸ್ತ್ರ ತಿಳಿಯುವುದಿಲ್ಲವೆಂದು ರಾಯರು ಮರುಕಪಟ್ಟರು.

ಎರಡು ದಿನದಲ್ಲಿ ನಾಲ್ಕಾರು ಸಂಸಾರಗಳಿದ್ದ ಇಡೀ ವಾಡೆಗೆ ಸುದ್ದಿಯಾಯಿತು. ಮೊದಲು ಬಂದವನು ಪಕ್ಕದ ಮನೆಯ ಭೀಮಣ್ಣ, ನಾಗಣಸೂರಿನಿಂದ ಬಂದು ಗಿರಣಿ ಸೇರಿದವನು. ರೈಲಿನ ಗಾಲಿಯ ಕೆಳಗೆ ಸಿಕ್ಕು ಹಪ್ಪಳವಾದ ಐದು ಪೈಸೆ ತಂದಿದ್ದ. ರಾಯರು ಭಿಂಗ ಹಾಕಿ ನೋಡಿ, “ಗಾಯ” ಎಂದರು. ಭೀಮಣ್ಣನ ಹೆಂಡತಿ ಅಕ್ಕನಾಗಮ್ಮ ಮೊಮ್ಮಗನ ಉಡದಾರಕ್ಕೆ ಪೋಣಿಸಿದ ತೂತಿನ ನಾಣ್ಯ ತಂದಳು, ಉಡದಾರದಿಂದ ಬಿಚ್ಚಲು ಬಾರದ್ದರಿಂದ ಮೊಮ್ಮಗನನ್ನೂ ಎತ್ತಿಕೊಂಡೇ ಬಂದಳು. “ಇದೂ ಗಾಯ” ಎಂದರು ರಾಯರು. ಕೂಸು ಗಾಬರಿಯಾಗಿ ಅತ್ತಿತು. ಮರುದಿನ ಭೀಮಣ್ಣ ತನ್ನ ಬಾಗಿಲ ಹೊಸ್ತಿಲಿಗೆ ಹಿಂದಿದ್ದವರು ಯಾರೋ ಬಡಿದಿದ್ದ ಹಳೆಯ ನಾಣ್ಯವನ್ನು ಹಾರೆ ಹಾಕಿ ಎಬ್ಬಿಸಿದ. ನಾಣ್ಯದ ಜೊತೆಗೆ ಅರ್ಧ ಹೊಸ್ತಿಲೂ ಎದ್ದು ಬಂತು. ಎರಡನ್ನೂ ಹೊತ್ತು ತಂದ.

“ಮೊಳಿ ಹೊಡದದ್ದು ಕಾಣಸ್ತದ. ಗಾಯ.”

“ಎಲ್ಲಾರದೂ ಗಾಯ ಅಂತೀರಿ. ನಿಮ್ಮದೊಂದ ಹ್ಯಾಂಗ ತಪ್ಪು?”

“ಶಾಸ್ತ್ರ ಅದ ಭೀಮಣ್ಣ. ಟಂಕಸಾಲಿಯೊಳಗ ಆದದ್ದು ತಪ್ಪು, ಹೊರಗ ಆದದ್ದು ಗಾಯ.”

“ಹೊರಗ ಆಗೇತೋ ಒಳಗ ಆಗೇತೋ, ನೀವೇನ ಅಲ್ಲಿ ಕುಂತ ನೋಡೀರೇನ್ರಿ?”

ಈ ಪ್ರಶ್ನೆಗೆ ಉತ್ತರ ಉಪ್ಪಿನಕಾಯಿಯ ಎಣ್ಣೆಯ ಕೆಳಗಿತ್ತು. ರಾಯರು ಗಂಭೀರವಾಗಿ ಭಿಂಗ ಒರೆಸಿದರು. ತನ್ನ ಮನೆಯದು ತಪ್ಪು, ಮಂದಿ ಮನೆಯದು ಗಾಯ ಎಂಬ ಶಾಸ್ತ್ರವನ್ನು ಲೋಕದಲ್ಲಿ ಅವರೊಬ್ಬರೇ ಪಾಲಿಸುವುದಿಲ್ಲವಾದರೂ, ಅದಕ್ಕೆ ಭಿಂಗ ಬೇಕೆಂದು ಮೊದಲು ಕಂಡುಹಿಡಿದವರು ಅವರೇ ಇರಬೇಕು. ಭೀಮಣ್ಣ ಹೊಸ್ತಿಲನ್ನು ಹೆಗಲ ಮೇಲಿಟ್ಟುಕೊಂಡು ಹೋದ.

ಹದಿನೈದು ದಿನ ಕಳೆಯಿತು. ಒಂದು ಬೆಳಿಗ್ಗೆ ಅಣ್ಣಾರಾಯ ಮಾಸ್ತರರು ಬಸ್ಸಿನಲ್ಲಿ ರಾಯರ ಪಕ್ಕ ಸರಿದು ಕೂತರು.

“ದಾಮೋದರರಾವ್, ಸಂಬಂಧ ಒಂದು ತಂದೀನಿ. ಅಕ್ಕಲಕೋಟದಾಗಿನ ಮನಿ. ಹುಡುಗ ಚಂದ್ರಶೇಖರ, ಬ್ಯಾಂಕಿನ್ಯಾಗ ಅದಾನ. ಅಪ್ಪ ಅವ್ವ ಇಲ್ಲ, ಅಜ್ಜ ಅಜ್ಜಿ ಬೆಳಸ್ಯಾರ. ಆದ್ರ ಒಂದು ಮಾತು. ಅಜ್ಜ ಮಲ್ಲಿಕಾರ್ಜುನಪಂತರು ಸಂಸ್ಥಾನದ ಕಾಲಕ್ಕ ಖಜಾನಿಯೊಳಗ ಪಾರಖಿ ಇದ್ದವರು. ಖರೇ ರೂಪಾಯಿ ಯಾವುದು, ಖೋಟಾ ಯಾವುದು ಅಂತ ಕಣ್ಣಿನಿಂದನ ಹೇಳವರು. ಹುಡುಗಿ ತಂದಿ ನಾಣ್ಯದ ಮೋಠಾ ತಜ್ಞ ಅಂತ ನಾ ತುಸು ಏರಿಸಿ ಹೇಳಿಬಿಟ್ಟೆ.”

“ಛಲೋ ಆತು.”

“ಛಲೋ ಎಲ್ಲಿ ಆತು? ನಾಣ್ಯ ತಗೊಂಡು ಬಾ ಅನ್ರಿ, ತಜ್ಞ ಆದ್ರ ಬೀಗತನ, ಬಡಾಯಿ ಆದ್ರ ಚಾ ಕುಡದು ಹೋಗ್ಲಿ ಅಂದಾರ. ಪಂತರು ಸುಳ್ಳಿಗೆ ಬಾಳ ವೈರಿ.”

ರಾಯರಿಗೆ ಚಿಂತೆಯಾಗಲಿಲ್ಲ. ಚಿಂತೆಯಾದದ್ದು ಮಂದಾಕಿನಿಗೆ. ಅವಳು ಅಪ್ಪನ ಮುಂದೆ ಬಂದು ಕೂತಳು. ರವಿವಾರದ ಚಟ್ನಿಯ ನಂತರ ಅವಳು ಅವರ ಕೂಡ ನಾಲ್ಕು ಮಾತು ಕೂಡಿಸಿ ಆಡಿದ್ದು ಅದೇ ಮೊದಲು.

“ಅಪ್ಪಾ, ಒಂದು ಕೇಳ್ತೀನಿ. ಅಲ್ಲಿ ಹೋದಮ್ಯಾಲ ನೀವು ಮಾತಾಡಬ್ಯಾಡ್ರಿ. ನಾಣ್ಯ ತೋರಸ್ರಿ, ಸುಮ್ಮ ಕೂಡ್ರಿ. ಇನ್ನೊಂದು ಸಲ ಮಂದಿ ಮುಂದ ಕುಂತು ತಿರುಗಿ ಬರೂದು ನನ್ನ ಕೈಲೆ ಆಗಂಗಿಲ್ಲ.”

“ಆಣಿ ಮಾಡ್ತೀನಿ ಮಂದಾ. ತುಟಿ ತೆರಿಯಂಗಿಲ್ಲ” ಎಂದರು ರಾಯರು. ಮಗಳ ಕಣ್ಣಲ್ಲಿ ನೀರಿತ್ತು. ನಾಣ್ಯ ಖರೆ, ಆದ್ದರಿಂದ ಸಂಬಂಧವೂ ಖರೆ ಎಂದು ಸಮಾಧಾನ ಮಾಡಿಕೊಂಡು, ಬಗಲ ಕೆಳಗಿನ ಕಿಸೆಯನ್ನು ಒತ್ತಿ ನೋಡಿಕೊಂಡರು.

ಮುಂದಿನ ರವಿವಾರ ಸ್ವಾಮಿ ದರ್ಶನದ ನೆಪ ಮಾಡಿ ಮೂವರೂ ಅಕ್ಕಲಕೋಟೆಗೆ ಹೊರಟರು. ಹೆಣ್ಣಿನ ಕಡೆಯವರು ತಾವಾಗಿ ಹೋಗಿ ತೋರಿಸಿ ಬಂದರೆಂದು ಆಗಬಾರದು, ಅದಕ್ಕೆ ದೇವರ ನೆಪ. ಬರಿಗೈಲಿ ಹೋಗಬಾರದೆಂದು ಗೋಪಿಕಾಬಾಯಿ ಒಂದು ಡಬ್ಬಿ ಶೇಂಗಾ ಚಟ್ನಿಯನ್ನೂ ಇಪ್ಪತ್ತೈದು ಕಡಕ ರೊಟ್ಟಿಯನ್ನೂ ಕಟ್ಟಿಕೊಂಡಳು. ಮಗಳು ಅಂದು ಕುಟ್ಟಿದ ಚಟ್ನಿ ಬಲು ಸೊಗಸಾಗಿತ್ತು, ಎಣ್ಣೆ ಬಿಟ್ಟುಕೊಂಡು ಉಂಡೆಯ ಹಾಗೆ ನಿಂತಿತ್ತು.

ಪಂತರ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಎಂಬತ್ತು ದಾಟಿದ ಪಂತರು ಕೆಂಪು ರುಮಾಲು ಸುತ್ತಿಕೊಂಡು ಲೋಡುದಿಂಬಿಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಮೊಮ್ಮಗ ಚಂದ್ರಶೇಖರನೂ ಮೊದಲೇ ಬಂದಿದ್ದ ಅಣ್ಣಾರಾಯ ಮಾಸ್ತರರೂ ಇದ್ದರು. ಅವರ ಹೆಂಡತಿ ಗೋದೂಬಾಯಿ ಚಟ್ನಿ ರೊಟ್ಟಿಯ ಗಂಟನ್ನು ಇಸಕೊಂಡು ಒಳಗೆ ಹೋದಳು. ಆ ಅಜ್ಜಿ ಸೊಲ್ಲಾಪುರಕ್ಕೆ ಹೋಗಿ ಹೊಸ ಹಲ್ಲು ಕಟ್ಟಿಸಿಕೊಂಡು ಮೂರೇ ತಿಂಗಳಾಗಿತ್ತು. ಎಂಟು ವರ್ಷ ಹಾಲಿನಲ್ಲಿ ನೆನೆಸಿ ತಿಂದವಳಿಗೆ ಕಡಕ ರೊಟ್ಟಿ ಕಂಡರೆ ಈಗ ತಡೆಯುತ್ತಿರಲಿಲ್ಲ.

ಮಂದಾಕಿನಿ ಹಸಿರು ಇಳಕಲ್ ಸೀರೆ ಉಟ್ಟು, ತಲೆ ತಗ್ಗಿಸಿ ಜಮಖಾನೆಯ ಮೂಲೆಗೆ ಕೂತಳು. ಸಂಪ್ರದಾಯದಂತೆ ಅವಳಿಗೆ ಹೆಸರೇನು, ಎಷ್ಟು ಓದಿದ್ದೀ, ಹಾಡು ಬರುತ್ತದೆಯೇ ಎಂದು ಕೇಳಬೇಕು. ಯಾರೂ ಕೇಳಲಿಲ್ಲ.

“ನಾಣ್ಯ ತೆಗೀರಿ” ಎಂದರು ಪಂತರು.

ರಾಯರು ಆಣೆಯಂತೆ ತುಟಿ ತೆರೆಯದೆ ಎದ್ದು ನಿಂತು ಕೋಟು ಬಿಚ್ಚಿದರು. ಮಡಿಚಿ ಇಟ್ಟರು. ಅಂಗಿಯ ಗುಂಡಿ ಒಂದೊಂದಾಗಿ ತೆಗೆಯತೊಡಗಿದರು. ಪಂತರು ಅಣ್ಣಾರಾಯ ಮಾಸ್ತರರ ಮುಖ ನೋಡಿದರು, ಮಾಸ್ತರರು ಛತ್ತಿನ ಜಂತೆ ಎಣಿಸತೊಡ­ಗಿದರು. ಅಂಗಿ ಹೋಗಿ ಬನಿಯನ್ನು ಉಳಿದಾಗ ಚಂದ್ರಶೇಖರ ಮೆಲ್ಲಗೆ ಎದ್ದು ಬೀದಿ ಬಾಗಿಲು ಮುಂದೆ ಮಾಡಿದ. ಬಗಲ ಕೆಳಗಿನ ಗುಂಡಿ ಬೆವರಿಗೆ ಬಿಗಿದು ಕೂತಿದ್ದರಿಂದ ಗೋಪಿಕಾಬಾಯಿ ಎದ್ದು ಹಲ್ಲಿನಿಂದ ಕಡಿದು ಬಿಚ್ಚಬೇಕಾಯಿತು. ಕೊನೆಗೆ ನಾಣ್ಯ ಹೊರಬಿತ್ತು.

ಪಂತರು ರಾಯರ ಭಿಂಗವನ್ನೇ ಇಸಕೊಂಡು ಕಣ್ಣಿಗಿಟ್ಟರು. ಪಡಸಾಲೆಯಲ್ಲಿದ್ದವರೆಲ್ಲ ಆ ಹತ್ತು ಪೈಸೆಯ ಮೇಲೆ ಬಾಗಿದರು. ಇಪ್ಪತ್ಮೂರು ವರ್ಷದ ಹುಡುಗಿ ಹಸಿರು ಸೀರೆಯಲ್ಲಿ ಕೂತಿರುವುದು ಚಂದ್ರಶೇಖರನೊಬ್ಬನ ಲಕ್ಷ್ಯಕ್ಕೆ ಬಂದಿತ್ತು. ಅವಳು ತಲೆ ಎತ್ತಿದಾಗ ಅವನು ಗಡಬಡಿಸಿ ನಾಣ್ಯದ ಕಡೆ ನೋಡಿದ.

“ಈ ದುಂಡಗಿಂದು ಏನು ಕಾಣಸ್ತದ?” ಎಂದರು ಪಂತರು.

ಆಣೆ ಅಲ್ಲಿಗೆ ಮುರಿಯಿತು. “ಅದು ಸಿಂಹದ ಹೊಕ್ಕಳರಿ” ಎಂದರು ರಾಯರು.

ಮಂದಾಕಿನಿ ಕಣ್ಣು ಮುಚ್ಚಿದಳು.

“ಹೊಕ್ಕಳಲ್ಲ, ಹತ್ತರ ಸೊನ್ನಿ” ಎಂದರು ಪಂತರು, ಸಾಲಿಯ ಮಾಸ್ತರರ ಧ್ವನಿಯಲ್ಲಿ. “ದಾಮೋದರರಾವ್, ಕೇಳ್ರಿ. ಟಂಕಸಾಲಿಯೊಳಗ ಒಂದು ನಾಣ್ಯ ಅಚ್ಚಿಗೆ ಅಂಟಿ ಉಳೀತಂದ್ರ ಮುಂದಿನ ಬಿಲ್ಲಿ ಮ್ಯಾಲ ಹಿಂಗ ತಗ್ಗಿನ ಉಲ್ಟಾ ಚಿತ್ರ ಬೀಳ್ತದ, ಖರೇ. ಆದ್ರ ಆ ಬಿಲ್ಲಿ ಕೋರಾ ಇರ್ತದ. ಅದರ ಮ್ಯಾಲ ಮೊದಲ ಏನೂ ಬರದಿರಂಗಿಲ್ಲ. ಇಲ್ಲಿ ಮೊದಲ ಹತ್ತು ಇತ್ತು, ಆಮ್ಯಾಲ ಸಿಂಹ ಬಂದು ಅದರ ಮ್ಯಾಲ ಬಿದ್ದದ. ಈ ಮಗ್ಗಲಕ ನೋಡ್ರಿ, ಕಲ್ಲಿನ ಕಚ್ಚು ಅದಾವ. ಮನುಷ್ಯಾಗ ಹುಟ್ಟಾ ಬಂದ ಮಚ್ಚಿ ಬ್ಯಾರೆ, ಬಿದ್ದು ಆದ ಗಾಯ ಬ್ಯಾರೆ. ಇದು ಗಾಯ.”

ಇಡೀ ವಾಡೆಗೆ ತಾವು ಹಂಚಿದ ಮಾತು ರಾಯರಿಗೇ ತಿರುಗಿ ಬಂದಿತ್ತು. ಪಂತರು ಅಷ್ಟಕ್ಕೇ ಬಿಡಲಿಲ್ಲ. ನಾಣ್ಯವನ್ನು ಮೂಗಿಗೆ ಹಿಡಿದು ಎರಡು ಸಲ ದೀರ್ಘವಾಗಿ ಉಸಿರು ಎಳೆದರು.

“ಅರವತ್ತು ವರ್ಷದಾಗ ಹುಣಸಿಹಣ್ಣು ತಿಕ್ಕಿದ್ದು ನೋಡೀನಿ, ಪಾದರಸ ಹಚ್ಚಿದ್ದು ನೋಡೀನಿ. ಬೆಳ್ಳುಳ್ಳಿ ಹಾಕಿ ನಾಣ್ಯ ಮಾಡೂ ಟಂಕಸಾಲಿ ಯಾವುದರಿ ಇದು?”

ಉತ್ತರ ಅಡಿಗೆಮನೆಯಿಂದ ಬಂತು. ಮೊದಲು ಕಟಕ್ ಎಂದು ಒಂದು ಸಪ್ಪಳ. ಆಮೇಲೆ “ಅಯ್ಯಯ್ಯೋ ನನ್ನ ಹಲ್ಲ” ಎಂದು ಗೋದೂಬಾಯಿಯ ಕೂಗು. ಆಮೇಲೆ ಗೋದೂಬಾಯಿಯೇ ಬಂದಳು, ಎಡಗೈಯಿಂದ ಬಾಯಿ ಮುಚ್ಚಿಕೊಂಡು, ಬಲಗೈಯಲ್ಲಿ ಚಟ್ನಿ ಮೆತ್ತಿದ ಏನನ್ನೋ ಹಿಡಕೊಂಡು.

“ಚಟ್ನಿಯೊಳಗ ಬಂತು” ಎಂದಳು. ಹಲ್ಲು ಒಂದೊಂದಾಗಿ ನಾಲಿಗೆಯಿಂದ ಮುಟ್ಟಿ ನೋಡಿಕೊಂಡು, “ಹಲ್ಲಿಗೇನೂ ಆಗಿಲ್ಲ, ಡಾಕ್ಟರ್ ಛಲೋ ಕಟ್ಯಾನ” ಎಂದೂ ಹೇಳಿದಳು.

ಪಂತರು ಆ ವಸ್ತುವನ್ನು ಧೋತರದ ಅಂಚಿನಿಂದ ಒರೆಸಿದರು. ಇನ್ನೊಂದು ಹತ್ತು ಪೈಸೆ. ಅದರ ಸಿಂಹ ಮೂಗು ಚಪ್ಪಟೆಯಾಗಿ, ಮೈಮೇಲೆಲ್ಲ ತಿರುಗುಮುರುಗಾದ ಹತ್ತು ಒತ್ತಿಕೊಂಡು ಮಲಗಿತ್ತು. ಪಂತರು ಎರಡನ್ನೂ ಎದುರುಬದುರು ಹಿಡಿದು ಕೂಡಿಸಿದರು. ಡಬ್ಬಿಗೆ ಮುಚ್ಚಳ ಕೂಡಿದ ಹಾಗೆ ಕೂಡಿದವು.

ಗೋಪಿಕಾಬಾಯಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

“ತಪ್ಪು ನಂದರಿ. ಹುರದ ಶೇಂಗಾದ ಡಬ್ಬಿಯೊಳಗ ನಾ ಚಿಲ್ಲರ ಮುಚ್ಚಿಡ್ತೀನಿ. ಇವರ ಕಿಸೆದಾಗ ಇದ್ರ ಕಳಕೋತಾರ. ಎಣಿಸಿದ್ರ ರೊಕ್ಕ ನಿಂದರಂಗಿಲ್ಲ ಅಂತಾರ, ಅದಕ್ಕ ಎಷ್ಟವ ಅಂತ ಎಣಿಸೂದಿಲ್ಲ. ಡಬ್ಬಿ ಚಟ್ನಿ ಕುಟ್ಟೂ ಒಳ್ಳಿಗೆ ಬಗ್ಗಿಸಿದಾಗ ಎರಡು ಅದರಾಗ ಹೋಗ್ಯಾವ. ಒಂದು ಸಿಕ್ಕಿತ್ತು, ಒರಸಿ ಇಟ್ಟಿದ್ದೆ. ಇನ್ನೊಂದು ಗೊತ್ತಿದ್ದಿಲ್ಲ. ಡಬ್ಬಿ ಮಾತು ಹೊರಗ ಬೀಳ್ತದಂತ ಇವರಿಗೆ ಹೇಳಲಿಲ್ಲ.”

“ಅದು ಇರ್ಲಿ” ಎಂದರು ಪಂತರು. “ಇಷ್ಟು ಖಣಖಣಿತ ಅಚ್ಚು ಬೀಳಬೇಕಂದ್ರ ಕೈ ಎಂಥಾದ್ದಿರಬೇಕು. ಕುಟ್ಟಿದವರು ಯಾರು?”

“ನಾ ಕುಟ್ಟೀನ್ರಿ.”

ಎಲ್ಲರೂ ತಿರುಗಿ ನೋಡಿದರು. ಹುಡುಗಿ ನೋಡುವ ಶಾಸ್ತ್ರ ಶುರುವಾದದ್ದು ಆಗ.

“ಯಾಕವ್ವಾ ಇಷ್ಟು ಜೋರು?”

“ಸಿಟ್ಟು ಬಂದಿತ್ತರಿ.”

“ಯಾರ ಮ್ಯಾಲ?”

ಮಂದಾಕಿನಿ ಬನಿಯನ್ನಿನಲ್ಲಿ ನಿಂತಿದ್ದ ಅಪ್ಪನ ಕಡೆ ನೋಡಿದಳು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

“ಅಪ್ಪನ ಮ್ಯಾಲ. ಮೂರು ಸಂಬಂಧ ಅವರಿಂದನ ಹೋದವು.” ಡ್ರೈವರನ ಕುಂಕುಮ, ಬದುಕಿದ್ದ ಅಜ್ಜನ ಶೋಕ, ಅವ್ವನ ಜಾತಕ, ಮೂರನ್ನೂ ನಾಲ್ಕೇ ಮಾತಿನಲ್ಲಿ ಹೇಳಿದಳು. “ಆದ್ರ ಅವರು ಬೇಕಂತ ಏನೂ ಮಾಡಂಗಿಲ್ಲರಿ. ಅದು ಗೊತ್ತಿದ್ದದ್ದಕ್ಕನ ಹೆಚ್ಚು ಸಿಟ್ಟು ಬರ್ತದ. ಅವರ ಮ್ಯಾಲ ತೀರಸಾಕ ಬರಂಗಿಲ್ಲ, ಒಳ್ಳಿನ ಮ್ಯಾಲ ತೀರಿಸಿದೆ.”

ಮೂರು ವಾರ ರಾಯರು ಬಗಲಲ್ಲಿ ಹೊತ್ತು ತಿರುಗಿದ್ದು, ಮಂದಿಗೆಲ್ಲ ತೋರಿಸಿ ಮೆರೆದದ್ದು, ಮಗಳ ಸಂಕಟದ ಅಚ್ಚು. ಅಂಗಿ ಹಾಕಿಕೊಳ್ಳಬೇಕೆಂಬ ನೆನಪೂ ಇಲ್ಲದೆ ಅವರು ಕೈ ಜೋಡಿಸಿದರು.

“ಪಂತರ, ನಾ ಬಡಾಯಿ ಹೊಡದದ್ದು ಖರೇ. ನನಗ ನಾಣ್ಯದ್ದೇನೂ ತಿಳಿಯಂಗಿಲ್ಲ, ಅರ್ಧಾ ಪೇಪರ್ ಓದೀನಿ. ಚಾ ಕುಡದು ಹೋಗ ಅಂದ್ರ ಹೋಗ್ತೀನಿ. ಆದ್ರ ನನ್ನ ನೋಡಿ ಹುಡುಗಿನ್ನ ನಡ್ಯಾಂಗಿಲ್ಲ ಅಂತ ತಿರುಗಿ ಕೊಡಬ್ಯಾಡ್ರಿ. ಆಕಿ ಚೊಕ್ಕ ಅದಾಳ.”

ಮಲ್ಲಿಕಾರ್ಜುನಪಂತರು ಭಿಂಗವನ್ನು ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡು, ಮುಂದಕ್ಕೆ ಬಾಗಿ, ರಾಯರನ್ನು ತಲೆಯಿಂದ ಕಾಲಿನವರೆಗೆ, ಕಾಲಿನಿಂದ ತಲೆಯವರೆಗೆ ನೋಡಿದರು.

“ಗೋಪಿಕಾಬಾಯಿ, ಒಂದು ಕೇಳ್ತೀನಿ, ಖರೇ ಹೇಳಬೇಕು. ಇವರು ಹುಟ್ಟಾ ಹಿಂಗೋ, ನಡುವ ಎಲ್ಲೆರೆ ಪೆಟ್ಟು ಬಿದ್ದು ಹಿಂಗಾಗ್ಯಾರೋ?”

“ಹುಟ್ಟಾ ಹಿಂಗರಿ” ಎಂದಳು ಗೋಪಿಕಾಬಾಯಿ, ಒಂದು ಕ್ಷಣವೂ ಯೋಚಿಸದೆ. “ನಮ್ಮತ್ತಿ ಹೇಳತಿದ್ರು, ತೊಟ್ಟಿಲದಾಗ ಇದ್ದಾಗ ಈ ಕಡೆ ಹೆಸರು ಕರದ್ರ ಆ ಕಡೆ ನೋಡಿ ನಗತಿದ್ರಂತ.”

“ಮೈಮ್ಯಾಲ ಬಡದ ಗುರುತು ಇಲ್ಲ?”

“ಒಂದೂ ಇಲ್ಲರಿ.”

“ಹಂಗಾದ್ರ ಇದು ಟಂಕಸಾಲಿ ತಪ್ಪು” ಎಂದರು ಪಂತರು, ಭಿಂಗ ತೆಗೆದಿಟ್ಟು. “ಅಪ್ಪಟ. ಅರವತ್ತು ವರ್ಷ ಪಾರಖಿ ಅನಿಸಿಕೊಂಡೀನಿ, ಖೋಟಾ ತಂದವರು ಒಬ್ಬರೂ ಇದು ಖೋಟಾ ಅಂತ ಬಾಯಿಬಿಟ್ಟು ಅಂದಿದ್ದಿಲ್ಲ. ಇಂಥಾದ್ದು ಮಂದಿ ಕೈಗೆ ಹೋಗಗೊಡಬಾರದು. ಬೀಗತನ ಮಾಡಿ ಮನ್ಯಾಗ ಇಟಗೋಬೇಕು. ಚಂದ್ಯಾ, ನೀ ಏನಂತಿ?”

ಚಂದ್ರಶೇಖರ ಕಿವಿಯವರೆಗೆ ಕೆಂಪಾದ. “ನಂಗ ಒಪ್ಪಿಗಿ ಅದ ಅಜ್ಜಾ. ಚಿಲ್ಲರ ಮಾತ್ರ ಬ್ಯಾಂಕಿನ್ಯಾಗ ಇಡ್ತೀನಿ.”

ಮಂದಾಕಿನಿ ನಕ್ಕಳು. ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು, ಆದರೂ ಭುಜ ಕುಣಿಯುತ್ತಿತ್ತು. ಅದನ್ನೇ ಒಪ್ಪಿಗೆಯೆಂದು ತಿಳಿದು ಅಣ್ಣಾರಾಯ ಮಾಸ್ತರರು ಸಕ್ಕರೆ ಹಂಚಿದರು. ಗೋದೂಬಾಯಿ ಮಾತ್ರ ಉಳಿದ ಚಟ್ನಿಯನ್ನು ಪರಾತಕ್ಕೆ ಸುರಿದು, ಇನ್ನೂ ಎಷ್ಟಿವೆಯೆಂದು ಬೆರಳಾಡಿಸಿ ನೋಡುತ್ತಿದ್ದಳು. ಪಂತರು ಎರಡೂ ನಾಣ್ಯವನ್ನು ಕೂಡಿಸಿದ್ದು ಕೂಡಿಸಿದಂತೆಯೇ ದೇವರ ಜಗಲಿಯ ಮೇಲಿಟ್ಟರು.

ಸಂಜೆಯ ಬಸ್ಸಿನಲ್ಲಿ ಕಲ್ಲಣ್ಣನೇ ಇದ್ದ. ರಾಯರು ನೋಟು ಕೊಟ್ಟು ಟಿಕೀಟು ತಗೊಂಡು, ಹೆಂಡತಿ ಮಗಳ ನಡುವೆ ಕೂತರು. ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದ್ದರು. ಕುಂಭಾರಿ ಹತ್ತಿರ ಬರುತ್ತಿದ್ದಂತೆ ಕಲ್ಲಣ್ಣ ಚೀಲ ಸರಿಸಿಕೊಂಡು ಬಂದು ನಿಂತ.

“ರಾಯರ, ನಿಮ್ಮ ನಾಣ್ಯದ್ದು ಏನಾತರಿ? ಪಾರಖಿ ಏನಂದ್ರು, ಖರೇನೋ ಖೋಟಾನೋ?”

ಬಸ್ಸು ಪೂರ್ತಿ ಕಿವಿಯಾಯಿತು. ರಾಯರು ಬಾಯಿ ತೆರೆದರು. ಮಗಳ ಕಡೆ ನೋಡಿದರು. ಮತ್ತೆ ಬಾಯಿ ಮುಚ್ಚಿಕೊಂಡರು. ಕೊಟ್ಟ ಆಣೆ ಆಗ ನೆನಪಾಗಿತ್ತು.

“ಎರಡು ತೋರಿಸಿದ್ವಿ ಕಲ್ಲಣ್ಣ” ಎಂದಳು ಗೋಪಿಕಾಬಾಯಿ. “ಒಂದು ಒಳ್ಳಿನ್ಯಾಗ ಕುಟ್ಟಿದ್ದು. ಇನ್ನೊಂದು ಮಾತ್ರ ಅಪ್ಪಟ ಟಂಕಸಾಲಿ ತಪ್ಪು ಅಂತ ಪಂತರು ತಾವಾಗಿ ಹೇಳಿದ್ರು.”

“ಅಪ್ಪಟಂದು ಮಾರಿಬಿಟ್ರೇನ್ರಿ ಬಾಯಿಯವರ?”

“ಇಲ್ಲ. ಮನಿಗೆ ಕರಕೊಂಡು ಹೊಂಟೀವಿ.”

ಕಲ್ಲಣ್ಣ ಗೋಪಿಕಾಬಾಯಿಯನ್ನು ನೋಡಿದ, ಮಂದಾಕಿನಿಯನ್ನು ನೋಡಿದ, ನಡುವೆ ಡೊಂಕು ಗುಂಡಿ ಹಾಕಿಕೊಂಡು ಕೂತ ರಾಯರನ್ನು ನೋಡಿದ, ಅವರ ಕೈಯಲ್ಲಿದ್ದ ಟಿಕೀಟನ್ನೂ ನೋಡಿದ.

“ಹಂಗಾದ್ರ ಅದರದೊಂದು ಟಿಕೀಟ ತಗೋರಿ” ಎಂದ. “ರಾಯರು ನಿಮ್ಮಿಬ್ಬರದ ಅಷ್ಟ ತಗದಾರ.”